ಸಣ್ಣ ಅಲ್ಯೂಮಿನಿಯಂ ದೋಣಿಗೆ ನಾಲ್ಕು ಗಾಳ: ತಂಗೂಸಿ ಸಿಕ್ಕಾಗದಂತೆ ಕಟ್ಟುವುದು ಹೇಗೆ?

ಸಾಗುವ ದೋಣಿಯ ಹಿಂದೆ ಗಾಳ ಎಳೆದುಕೊಂಡು ಹೋಗುವ ಟ್ರೋಲಿಂಗ್‌ನಲ್ಲಿ ದಿನ ಹಾಳಾಗುವುದು ಮೀನು ಕಚ್ಚದೆ ಅಲ್ಲ, ತಂಗೂಸಿಗಳು ಒಂದಕ್ಕೊಂದು ಹೆಣೆದುಕೊಂಡು. ಈ ಸಿಕ್ಕು ನೀರಿನಲ್ಲಿ ಬೀಳುವುದಾದರೂ ಅದರ ಕಾರಣ ದಡದಲ್ಲೇ, ರಾಡ್ ಹಿಡಿಕೆಗಳನ್ನು (ಗಾಳದ ಕೋಲನ್ನು ದೋಣಿಯಲ್ಲಿ ಹಿಡಿದು ನಿಲ್ಲಿಸುವ ಗೂಡುಗಳನ್ನು) ಕೂರಿಸುವಾಗಲೇ ಹುಟ್ಟಿರುತ್ತದೆ. ಇಲ್ಲಿನ ಲೆಕ್ಕ 12 ಅಡಿ ಉದ್ದ, ನಾಲ್ಕೂವರೆ ಅಡಿ ಅಗಲದ ದೋಣಿ ಮತ್ತು ಇಬ್ಬರು ಸವಾರರಿಗೆ. ಒಬ್ಬರೇ ಹೋಗುವುದಾದರೆ ಎರಡು ರಾಡು ಸಾಕು.

ಮೊದಲು ಅನುಮತಿ. ಸಾಮಾನ್ಯವಾಗಿ ದೊಡ್ಡ ಕೆರೆಗಳು ಮೀನುಗಾರಿಕೆ ಇಲಾಖೆಯ ಸುಪರ್ದಿಯಲ್ಲಿ, ಸಣ್ಣವು ಗ್ರಾಮ ಪಂಚಾಯಿತಿಯಲ್ಲಿ ಇರುತ್ತವೆ. ಮೀನಿನ ಹಕ್ಕು ಗುತ್ತಿಗೆದಾರರದ್ದೋ ಸಹಕಾರ ಸಂಘದ್ದೋ ಆಗಿರುತ್ತದೆ. ಅವರನ್ನು ಕೇಳಿದರೆ ಬಲೆ ಎಲ್ಲಿ ಬಿಟ್ಟಿದ್ದಾರೆ ಎಂಬುದೂ ತಿಳಿಯುತ್ತದೆ. ಜಕ್ಕಲಮಡುಗಿನಂಥ ಕುಡಿಯುವ ನೀರಿನ ಜಲಾಶಯಕ್ಕೆ ಪೆಟ್ರೋಲ್ ಎಂಜಿನ್ ಇಳಿಸುವ ಯೋಚನೆಯೇ ಬೇಡ.

ಯಾವ ಮೀನಿಗೆ ಎಂಬುದೂ ಸ್ಪಷ್ಟವಿರಲಿ. ಕಾಟ್ಲಾ, ರೋಹು ಓಡುವ ಹುಸಿಮೀನನ್ನು (ಗಾಳಕ್ಕೆ ಕಟ್ಟುವ ಮೀನಿನಾಕಾರದ ಕೃತಕ ಎರೆಯನ್ನು) ಅಟ್ಟಿಸಿಕೊಂಡು ಬರುವುದಿಲ್ಲ. ಕೊರವ ಜೊಂಡಿನ ಅಂಚಿನಲ್ಲಿ ಅಡಗಿರುತ್ತದೆ, ಅದಕ್ಕೆ ನಿಂತು ಎಸೆಯುವ ಗಾಳವೇ ಸರಿ. ಟ್ರೋಲಿಂಗ್‌ಗೆ ತಕ್ಕ ಮೀನು ಬಾಳೆ. ಅದರ ಸಂತತಿ ಕುಗ್ಗುತ್ತಿದೆ, ಆದ್ದರಿಂದ ಸಣ್ಣವನ್ನು ನೀರಿಗೇ ಬಿಡಿ.

ರಾಡ್ ಹಿಡಿಕೆಗಳು

ದೋಣಿಯ ಅಂಚಿನ ತಗಡು ಸಾಮಾನ್ಯವಾಗಿ 2 ಮಿ.ಮೀ. ದಾಟುವುದಿಲ್ಲ. ಹಿಡಿಕೆಯನ್ನು ನೇರವಾಗಿ ಅದಕ್ಕೇ ಸ್ಕ್ರೂ ಹಾಕಿದರೆ, ಗಾಳ ಮೊದಲ ಸಲ ಮರದ ಬೊಡ್ಡೆಗೆ ಸಿಕ್ಕಿದಾಗಲೇ ತಗಡು ಹರಿಯುತ್ತದೆ. ನಮ್ಮ ಸಲಹೆ ಅಡ್ಡಪಟ್ಟಿ: 40×40 ಮಿ.ಮೀ., 3 ಮಿ.ಮೀ. ದಪ್ಪದ ಎರಡು ಚೌಕ ಅಲ್ಯೂಮಿನಿಯಂ ಪೈಪುಗಳನ್ನು ದೋಣಿಯ ಅಡ್ಡಕ್ಕೆ ಕ್ಲಾಂಪ್ ಮಾಡಿ. ಒಂದು ನಡುವಿನ ಸೀಟಿನ ಬಳಿ, ಇನ್ನೊಂದು ಅದಕ್ಕಿಂತ ಸುಮಾರು 1 ಮೀಟರ್ ಹಿಂದೆ. ಒಡಲಿಗೆ ತೂತು ಬೀಳುವುದಿಲ್ಲ, ಜಾಗ ತಪ್ಪಿದರೆ ಸರಿಸಬಹುದು. ಈ ಪಟ್ಟಿಗಳನ್ನು ಮಾಡಿಸಲು ತುಮಕೂರಿನ ಅಂತರಸನಹಳ್ಳಿಯಂಥ ಕೈಗಾರಿಕಾ ಪ್ರದೇಶದಲ್ಲಿ ಆರ್ಗಾನ್ ವೆಲ್ಡಿಂಗ್ ಮಾಡುವ ಶೆಡ್ಡಿನಲ್ಲಿ ಕೇಳಿ.

ಅಂಚಿಗೇ ಕೂರಿಸಬೇಕೆಂದರೆ ಕೆಳಗಡೆ 5 ಮಿ.ಮೀ. ದಪ್ಪದ 100×150 ಮಿ.ಮೀ. ಅಲ್ಯೂಮಿನಿಯಂ ಫಲಕ ಕೊಡಿ. ಬೋಲ್ಟು 8 ಮಿ.ಮೀ. ಸ್ಟೇನ್‌ಲೆಸ್ ಸ್ಟೀಲ್, ನಟ್ಟು ನೈಲಾಕ್ (ಒಳಗಿನ ನೈಲಾನ್ ಬಳೆಯಿಂದ ಸಡಿಲಾಗದೆ ನಿಲ್ಲುವಂಥದ್ದು), ನಡುವೆ ನೈಲಾನ್ ವಾಷರ್. ಹಿತ್ತಾಳೆ, ತಾಮ್ರ, ಸಾದಾ ಕಬ್ಬಿಣ ಅಲ್ಯೂಮಿನಿಯಂಗೆ ತಾಗಿ ನೆನೆದರೆ ಸವೆಯುವುದು ಅಲ್ಯೂಮಿನಿಯಮ್ಮೇ. ಬೋಲ್ಟಿನ ಸುತ್ತ ಬಿಳಿ ಪುಡಿ ಕಂಡರೆ ಆ ಕೆಲಸ ಶುರುವಾಗಿದೆ ಎಂದೇ ಅರ್ಥ. ತಾಮ್ರದ ಔಷಧ ಹಾಕಿದ ಪ್ಲೈವುಡ್ಡನ್ನು ನೆಲಹಾಸಿಗೆ ಬಳಸಬಾರದೆನ್ನುವುದೂ ಇದೇ ಕಾರಣಕ್ಕೆ.

ಮುಂದಿನ ಪಟ್ಟಿಯಲ್ಲಿ ಹೊರಗಿನ ಎರಡು ರಾಡು, ತಲಾ 9 ಅಡಿ, ನೀರಿಗೆ ಸಮಾನಾಂತರವಾಗಿ ಪಕ್ಕಕ್ಕೆ ಚಾಚಿರಲಿ. ಹಿಂದಿನ ಪಟ್ಟಿಯಲ್ಲಿ ಒಳಗಿನ ಎರಡು, ಆರೂವರೆ ಅಡಿಯವು, ಹಿಂದಕ್ಕೆ ಓರೆಯಾಗಿ. ಆಗ ಎರಡು ಹೊರ ತುದಿಗಳ ನಡುವೆ ಸುಮಾರು 6 ಮೀಟರ್, ಪಕ್ಕಪಕ್ಕದ ತುದಿಗಳ ನಡುವೆ ಸುಮಾರು 2 ಮೀಟರ್ ಅಂತರ ಸಿಗುತ್ತದೆ. ನಾಲ್ಕೂ ಒಂದೇ ಉದ್ದದ ರಾಡು ತಂದರೆ ಈ ಅಂತರ ಎಲ್ಲಿಂದ ಬರಬೇಕು? ಪ್ರತಿ ರಾಡಿಗೂ ಒಂದು ಹಗ್ಗ ಕಟ್ಟಿ ದೋಣಿಗೆ ಬಿಗಿಯಿರಿ.

ಮೋಟಾರು, ಬ್ಯಾಟರಿ, ತೂಕ

ಸಣ್ಣ ಪೆಟ್ರೋಲ್ ಎಂಜಿನ್ ಅತಿ ನಿಧಾನದಲ್ಲೂ ಹೆಚ್ಚು ವೇಗ ಕೊಡುತ್ತದೆ. 12 ವೋಲ್ಟಿನ, 55 ಪೌಂಡ್ ನೂಕುಬಲದ ವಿದ್ಯುತ್ ಟ್ರೋಲಿಂಗ್ ಮೋಟಾರು ಈ ದೋಣಿಗೆ ಹದ. ಪೂರ್ಣ ವೇಗದಲ್ಲಿ ಅದು 50 ಆಂಪಿಯರ್‌ವರೆಗೆ ಎಳೆಯುತ್ತದೆ. ಅದಕ್ಕೆ 16 ಚದರ ಮಿ.ಮೀ. ತಾಮ್ರದ ಕೇಬಲ್ ಬೇಕು, ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ 60 ಆಂಪಿಯರ್ ಬ್ರೇಕರ್ ಇರಬೇಕು. ಮನೆ ವೈರಿಂಗ್‌ನ ತೆಳು ತಂತಿ ಹಾಕಿದರೆ ಮೋಟಾರು ಸೊರಗುತ್ತದೆ, ತಂತಿ ಕಾಯುತ್ತದೆ. ಋಣ ತಂತಿಯನ್ನು ಯಾವ ಕಾರಣಕ್ಕೂ ದೋಣಿಯ ಒಡಲಿಗೆ ಜೋಡಿಸಬೇಡಿ. ಸೋರುವ ವಿದ್ಯುತ್ತು ತಗಡನ್ನೇ ತಿನ್ನುತ್ತದೆ.

ಟ್ರೋಲಿಂಗ್ ವೇಗದಲ್ಲಿ 15 ಆಂಪಿಯರ್ ಎಂದಿಟ್ಟುಕೊಳ್ಳಿ. ಇನ್ವರ್ಟರ್‌ಗೆ ಹಾಕುವ 100 ಆಂಪಿಯರ್-ಗಂಟೆಯ ಟ್ಯೂಬುಲರ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಹಾಗಾಗಿ ಮೂರು ಗಂಟೆ ಚಿಲ್ಲರೆ. ಅಷ್ಟೇ ಸಾಮರ್ಥ್ಯದ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಐದು ಗಂಟೆ ದಾಟುತ್ತದೆ, ತೂಕವೂ 15 ಕಿಲೋಗಿಂತ ಕಡಿಮೆ. ಎದುರುಗಾಳಿಯಲ್ಲಿ ಈ ಲೆಕ್ಕ ಬೇಗ ಕುಸಿಯುತ್ತದೆ. ಹುಟ್ಟು ಎರಡು ದೋಣಿಯಲ್ಲಿ ಇದ್ದೇ ಇರಲಿ.

ಮೋಟಾರು, ಅದನ್ನು ನಡೆಸುವವರು ಹಿಂದೆ. ಬ್ಯಾಟರಿಯನ್ನೂ ಅಲ್ಲೇ ಇಟ್ಟರೆ ಮೂತಿ ಮೇಲೆದ್ದು ಗಾಳಿಗೆ ಸಿಕ್ಕಿ ದೋಣಿ ಓರೆಯಾಗಿ ಸಾಗುತ್ತದೆ, ತಂಗೂಸಿಗಳು ಒಂದೇ ಕಡೆ ರಾಶಿ ಬೀಳುತ್ತವೆ. ಪ್ಲಾಸ್ಟಿಕ್ ತೊಟ್ಟಿಯೊಳಗೆ ಬ್ಯಾಟರಿ ಇಟ್ಟು ಬೆಲ್ಟ್ ಬಿಗಿದು, ಮುಂದಿನ ಸೀಟಿನಡಿ ತಳ್ಳಿ.

ನೀರಿನ ಮೇಲೆ

ವೇಗ ಗಂಟೆಗೆ 3ರಿಂದ 4 ಕಿ.ಮೀ., ಮೊಬೈಲ್ ಜಿಪಿಎಸ್‌ನಲ್ಲಿ ನೋಡಿ. 30 ಪೌಂಡಿನ ಹೆಣೆದ ತಂಗೂಸಿಗೆ ಬಾಲ್ ಬೇರಿಂಗ್ ಸ್ವಿವೆಲ್ (ತಂಗೂಸಿ ಹುರಿಗೊಳ್ಳದಂತೆ ತಿರುಗುವ ಕೊಂಡಿ), ಅದರ ಮುಂದೆ ಒಂದು ಮೀಟರ್ ದಪ್ಪ ನೈಲಾನ್. ರೀಲಿನ ಡ್ರ್ಯಾಗನ್ನು (ಮೀನು ಜಗ್ಗಿದಾಗ ತಂಗೂಸಿ ಎಷ್ಟು ಬಿಗಿಯಲ್ಲಿ ಬಿಚ್ಚಿಕೊಳ್ಳಬೇಕೆಂದು ಹಿಡಿಯುವ ಬ್ರೇಕನ್ನು) ಸ್ಪ್ರಿಂಗ್ ತಕ್ಕಡಿಯಿಂದ ಎಳೆದು 3 ಕಿಲೋಗೆ ಹೊಂದಿಸಿ.

ಹೊರ ರಾಡುಗಳಿಗೆ ಒಂದೂವರೆ ಮೀಟರ್ ಆಳಕ್ಕಿಳಿಯುವ ಹುಸಿಮೀನು, ತಂಗೂಸಿ 30 ಮೀಟರ್. ಒಳ ರಾಡುಗಳಿಗೆ 3 ಮೀಟರ್ ಇಳಿಯುವುದು, ತಂಗೂಸಿ 15 ಮೀಟರ್. ದಡದಲ್ಲೇ ಅಳೆದು ತಂಗೂಸಿಗೆ ಬಣ್ಣದ ದಾರದ ಗಂಟು ಹಾಕಿಡಿ. ಬಿಡುವಾಗ ಹೊರಗಿನವು ಮೊದಲು, ಎತ್ತುವಾಗ ಒಳಗಿನವು ಮೊದಲು. ಹೊರಗಿನದಕ್ಕೆ ಮೀನು ಬಿದ್ದರೆ ಅದು ಒಳಗಿನವುಗಳ ಹಿಂದೆ, ಮೇಲುನೀರಿನಲ್ಲೇ ಸರಿದು ಬರುತ್ತದೆ.

ತಿರುವು ಅಗಲವಾಗಿರಲಿ, 40 ಮೀಟರ್‌ಗೆ ಕಡಿಮೆ ಬೇಡ. ಮೋಟಾರು ನಿಲ್ಲಿಸಿ ತಿರುಗಿಸಿದರೆ ನಾಲ್ಕೂ ಜೋತುಬಿದ್ದು ಹೆಣೆದುಕೊಳ್ಳುತ್ತವೆ. ತಿರುವಿನಲ್ಲಿ ಒಳಬದಿಯ ಗಾಳ ನಿಧಾನ, ಹೊರಬದಿಯದು ವೇಗ. ಯಾವುದಕ್ಕೆ ಮೀನು ಬಿತ್ತೋ ಅದನ್ನು ಗಮನಿಸಿ ನೇರ ಓಟದ ವೇಗ ತಿದ್ದಿಕೊಳ್ಳಿ.

ಏರಿಗೆ ಸಮಾನಾಂತರವಾಗಿ, ಹಳೇ ಹಳ್ಳದ ಜಾಡು ಹಿಡಿದು ಸಾಗಿ. ನಮ್ಮ ಕೆರೆಯಂಗಳಗಳಲ್ಲಿ ಮುಳುಗಿದ ಕರಿಜಾಲಿ ಬೊಡ್ಡೆಗಳು ಗಾಳ ನುಂಗುತ್ತವೆ. ಸಿಕ್ಕಿದರೆ ಎಳೆದಾಡದೆ, ದೋಣಿಯನ್ನು ಹಿಂದಕ್ಕೊಯ್ದು ಎದುರು ದಿಕ್ಕಿನಿಂದ ಬಿಡಿಸಿ. ಅಂತರಗಂಗೆ ಕಂಡಲ್ಲಿ ಮೋಟಾರು ಎತ್ತಿಬಿಡಿ.

ಲೈಫ್ ಜಾಕೆಟ್ ತೊಟ್ಟೇ ಹತ್ತಬೇಕು. ಆಷಾಢದ ಗಾಳಿ ಎದ್ದ ದಿನ ಇಳಿಯಬೇಡಿ. ಏಪ್ರಿಲ್-ಮೇ ಮಧ್ಯಾಹ್ನ ಗುಡುಗು ಕೇಳಿದೊಡನೆ ದಡ ಸೇರಿ, ಕಾರ್ಬನ್ ರಾಡು ವಿದ್ಯುತ್ ಹರಿಸುತ್ತದೆ. ತೂಬು ತೆರೆದಿದ್ದರೆ ಅತ್ತ ಸುಳಿಯಬಾರದು. ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿಯಲ್ಲಿ ಇನ್ನೂ ಎಚ್ಚರ ಬೇಕು: ಅಲ್ಲಿನ ಸೈಫನ್‌ಗಳು ನೀರಿನ ಮಟ್ಟ ಏರಿದಾಗ ಯಾರೂ ಗೇಟ್ ಎತ್ತದೆಯೇ ತಾವಾಗಿ ಹರಿಯತೊಡಗುತ್ತವೆ. ಜಲಾಶಯ ತುಂಬುತ್ತಿರುವ ದಿನಗಳಲ್ಲಿ ಅಣೆಕಟ್ಟೆಯ ಆ ಬದಿಯನ್ನು ಪೂರ್ತಿ ಬಿಟ್ಟು, ಹಿನ್ನೀರಿನ ಕಡೆಗೇ ಗಾಳ ಎಳೆಯಿರಿ.