ಪಟ್ಟಣ ಪಂಚಾಯಿತಿಗೆ ಸೇರಿದ ಮೇಲೂ ನಮ್ಮೂರು ಮತ ಹಾಕಿತು

ಯಾದಗಿರಿ ಜಿಲ್ಲೆಯ ನಮ್ಮೂರನ್ನು ಪಕ್ಕದ ಪಟ್ಟಣ ಪಂಚಾಯಿತಿಗೆ ಸೇರಿಸಿದಾಗ "ಇನ್ನ ಓಟಿಗೆ ಯಾರ್ ಬರ್ತಾರ್ರೀ" ಅಂದವರೇ ಹೆಚ್ಚು. ಮೊದಲ ಚುನಾವಣೆಯಲ್ಲಿ ಹಾಗೆಯೇ ಆಯಿತು. ಗ್ರಾಮ ಪಂಚಾಯಿತಿ ಇದ್ದಾಗ ನೂರಕ್ಕೆ 80ರ ಮೇಲೆ ಬೀಳುತ್ತಿದ್ದ ಮತ 55ರ ಸುಮಾರಿಗೆ ಇಳಿಯಿತು. ಎರಡನೆಯ ಸಲ 75 ದಾಟಿಸಿದೆವು. ಆಗ ತಲೆ ಅಲ್ಲಾಡಿಸಿದವರೇ ಈಗ ಬಂದು ಹೆಂಗ್ ಮಾಡಿದ್ರಿ ಅಂತ ಕೇಳುತ್ತಾರೆ.

ಜನ ಸೋಮಾರಿಗಳಾಗಿರಲಿಲ್ಲ. ಗ್ರಾಮ ಪಂಚಾಯಿತಿಯಲ್ಲಿ 400 ಜನಕ್ಕೊಬ್ಬ ಸದಸ್ಯ, ಒಂದೇ ವಾರ್ಡಿಗೆ ಎರಡು ಮೂರು ಸೀಟು. ಪ್ರತಿ ಓಣಿಯಿಂದ ಒಬ್ಬ ಕಾಕಾನೋ ಚಿಗವ್ವನೋ ನಿಂತಿರುತ್ತಿದ್ದರು, ಅವರೇ ಮನೆಮಂದಿಯನ್ನೆಲ್ಲ ಮತಗಟ್ಟೆಗೆ ಕರೆದೊಯ್ಯುತ್ತಿದ್ದರು. ಪಟ್ಟಣದಲ್ಲಿ ವಾರ್ಡಿಗೊಂದೇ ಸೀಟು, ಅದೂ ಪಕ್ಷದ ಚಿಹ್ನೆಯ ಮೇಲೆ. ಗ್ರಾಮಸಭೆ ಹೋಯಿತು, ಉದ್ಯೋಗ ಖಾತ್ರಿಯೂ ಹೋಯಿತು. ಹಲವು ಊರು ಸೇರಿಸಿ ಕಟ್ಟಿದ್ದ 1987ರ ಮಂಡಲ ಪಂಚಾಯಿತಿ ಕಂಡ ಹಿರಿಯರು ಹೇಳುವುದೂ ಇದನ್ನೇ: ಆಗಲೂ ಕಚೇರಿ ದೂರ, ಸದಸ್ಯ ದೂರ. 1993ರ ಪಂಚಾಯತ್ ರಾಜ್ ಕಾಯ್ದೆ ಬಂದ ಮೇಲೆ ಪಂಚಾಯಿತಿ ಊರ ಹತ್ತಿರ ಬಂತು.

ಮೊದಲ ಸಲ ಆಟೋಗೆ ಮೈಕು ಕಟ್ಟಿಸಿದೆವು, ಬ್ಯಾನರ್ ಹಾಕಿಸಿದೆವು. ಆರೇಳು ಸಾವಿರ ನೀರಿನಲ್ಲಿ ಹೋಯಿತು. ಕೊರತೆ ಇದ್ದದ್ದು ಪಟ್ಟಿಯಲ್ಲಿ. ವಿಧಾನಸಭೆಯ ಮತದಾರರ ಪಟ್ಟಿಯನ್ನೇ ವಾರ್ಡುವಾರು ಒಡೆಯುತ್ತಾರಲ್ಲ, ಅಲ್ಲಿ ಗಂಡ ಒಂದು ವಾರ್ಡಿಗೆ, ಹೆಂಡತಿ ಇನ್ನೊಂದಕ್ಕೆ ಬಿದ್ದಿದ್ದರು. ಹಳೆ ಶಾಲೆಗೆ ಹೋಗಿ "ನಿಮ್ಮ ಹೆಸರಿಲ್ಲ" ಅನ್ನಿಸಿಕೊಂಡ ಅವ್ವಂದಿರು ಆ ಬಿಸಿಲಲ್ಲಿ ಮತ್ತೊಂದು ಬೂತು ಹುಡುಕುತ್ತಾರೆಯೇ?

ಎರಡನೆಯ ಸಲ ಕರಡು ಪಟ್ಟಿ ಬಂದ ದಿನವೇ ಜೆರಾಕ್ಸ್ ತೆಗೆಸಿ ಸ್ತ್ರೀಶಕ್ತಿ ಸಂಘದ ಅಕ್ಕಂದಿರಿಗೆ ಹಂಚಿದೆ, ತಲೆಗೆ ಮೂವತ್ತು ಮನೆಯಂತೆ. ಗಂಡಸರ ಕೈಗೆ ಕೊಟ್ಟಿದ್ದರೆ ಆ ಹಾಳೆ ಚಹಾದಂಗಡಿ ದಾಟುತ್ತಿರಲಿಲ್ಲ. ವಾರ್ಡು ತಪ್ಪಿದವರ ಆಕ್ಷೇಪಣೆಯನ್ನು ಒಬ್ಬೊಬ್ಬರದಾಗಿ ಬರೆಯದೆ ಮನೆವಾರು ಬರೆಸಿ, ಕರೆಂಟ್ ಬಿಲ್ಲಿನ ನಕಲು ಹಚ್ಚಿ, ಗಡುವಿನೊಳಗೆ ತಹಶೀಲ್ದಾರ್ ಕಚೇರಿಗೆ ಕೊಟ್ಟೆವು. ಬಹುಪಾಲು ಸರಿಯಾಯಿತು. ಮತದಾನದ ಹಿಂದಿನ ದಿನ ವಾರ್ಡು, ಕ್ರಮಸಂಖ್ಯೆ, ಮತಗಟ್ಟೆ ಬರೆದ ಚೀಟಿ ಮನೆಮನೆಗೆ ಮುಟ್ಟಿತು. ಒಟ್ಟು ಖರ್ಚು ನಾಲ್ಕು ಸಾವಿರದ ಆಸುಪಾಸು, ಹೆಚ್ಚು ನುಂಗಿದ್ದು ಜೆರಾಕ್ಸೇ.

ಬೆಂಗಳೂರಿಗೆ ಗುಳೆ ಹೋದವರಿಗಾಗಿಯೂ ಒಂದು ಪ್ರಯತ್ನ ಮಾಡಿದೆ. ಬಸ್ಸಿನ ಬಾಡಿಗೆ ಕೇಳಿ ಕೈಬಿಟ್ಟೆವು, ಅಭ್ಯರ್ಥಿಗಳ ಗಾಡಿಯಂತೂ ಬೇಡವೇ ಬೇಡ. ಕೂಲಿಯವರ ಬದಲು ಮೇಸ್ತ್ರಿಗೇ ಫೋನ್ ಹಚ್ಚಿ ಎರಡು ದಿನದ ರಜೆ ಕೇಳಿದೆ. ಇಪ್ಪತ್ತು ಇಪ್ಪತ್ತೈದು ಮಂದಿ ಬಂದರು. ಮೇಸ್ತ್ರಿ ನಮ್ಮ ಕಡೆಯವನಾಗಿದ್ದರೆ ಮಾತ್ರ ಇದು ನಡೆಯುತ್ತದೆ.

ಚುನಾವಣೆಗೆ ನಿಂತವರನ್ನೆಲ್ಲ ಒಂದೇ ಕಟ್ಟೆಯ ಮೇಲೆ ಕೂರಿಸಿ ಓಣಿಯವರಿಂದ ಪ್ರಶ್ನೆ ಕೇಳಿಸಿದೆವು. ಎಲ್ಲರೂ ಬರುವಂತೆ ಹೇಗೆ ಮಾಡಿದೆ ಎನ್ನುವುದನ್ನು ಇಲ್ಲಿ ಬರೆಯುವುದಿಲ್ಲ, ಮುಂದಿನ ಚುನಾವಣೆಗೆ ನನಗದು ಬೇಕು. ನಿಮ್ಮೂರಿನ ಕರಡು ಪಟ್ಟಿ ಬಂದಿದ್ದರೆ ಆಕ್ಷೇಪಣೆಯ ಕೊನೆಯ ದಿನಾಂಕ ಇವತ್ತೇ ನೋಡಿಕೊಳ್ಳಿ.