ತೋಡಿಯ ಗಾಂಧಾರವನ್ನು ಅಳೆಯಲು ಹೊರಟಾಗ

ಸಂಗೀತ ಮನೋವಿಜ್ಞಾನದಲ್ಲಿ ಎಂ.ಎ. ಮಾಡಿದವಳು ಎಂದು ಪರಿಚಯವಾದರೆ ಸಾಕು, ಯಾವ ರಾಗಕ್ಕೆ ರಕ್ತದೊತ್ತಡ ಇಳಿಯುತ್ತದೆ, ಯಾವುದಕ್ಕೆ ಚೆನ್ನಾಗಿ ನಿದ್ದೆ ಬರುತ್ತದೆ ಎಂದು ಜನ ವಿಚಾರಿಸುತ್ತಾರೆ. ಕಾಳಜಿಯಿಂದ ಬರುವ ಪ್ರಶ್ನೆಯೇ ಅದು. ಆದರೆ ಅದಕ್ಕೆ ಉತ್ತರಿಸಬೇಕಾದವರು ಸಂಗೀತ ಚಿಕಿತ್ಸಕರು. ಅವರ ತರಬೇತಿ ಬೇರೆ, ರೋಗಿಗಳ ಜೊತೆ ಮೇಲ್ವಿಚಾರಣೆಯಲ್ಲಿ ದುಡಿದು ಕಲಿಯುವಂಥದ್ದು. ನಾನು ಓದಿದ್ದು ಅದಕ್ಕೂ ಹಿಂದೆ ಕೇಳಬೇಕಾದ ಪ್ರಶ್ನೆಗಳನ್ನು. ಒಂದು ಸ್ವರದ ಬೆನ್ನಿಗೆ ಇನ್ನೊಂದು ಬಂದಾಗ ಕಿವಿ ಅದನ್ನು ಒಪ್ಪುವುದು ಯಾವ ಆಧಾರದ ಮೇಲೆ? ರಾಗದ ಹೆಸರೇ ಗೊತ್ತಿಲ್ಲದವರ ಕಣ್ಣು ಆಲಾಪನೆಗೆ ಏಕೆ ತುಂಬಿಬರುತ್ತದೆ? ತಾಳ ಹಾಕುವ ಕೈಗೆ ಮುಂದಿನ ಪೆಟ್ಟು ಎಲ್ಲಿ ಬೀಳುತ್ತದೆಂದು ಮೊದಲೇ ಹೇಗೆ ತಿಳಿದಿರುತ್ತದೆ?

ಮೈಸೂರಿನಲ್ಲಿ ಬಿ.ಎ.ಗೆ ಮನೋವಿಜ್ಞಾನ ತೆಗೆದುಕೊಂಡಿದ್ದೆ. ಸಂಗೀತದಲ್ಲಿ ಸೀನಿಯರ್ ಪರೀಕ್ಷೆ ಮುಗಿಸಿ ವಿದ್ವತ್ ಪಾಠ ನಡೆಯುತ್ತಿತ್ತು. ಬೆಳಿಗ್ಗೆ ಗುರುಗಳ ಮನೆಯಲ್ಲಿ ಸಾಧನೆ, ಮಧ್ಯಾಹ್ನ ಕಾಲೇಜಿನಲ್ಲಿ ಗ್ರಹಿಕೆ, ನೆನಪು, ಭಾವನೆಗಳ ಪಾಠ. ಇವೆರಡೂ ಒಂದೇ ವಿಷಯವಾಗಿ ಎಲ್ಲಾದರೂ ಸಿಗುತ್ತದೆಯೇ ಎಂದು ಹುಡುಕುತ್ತಾ ಹೋದಾಗ ಮೂರು ಹೆಸರುಗಳು ಉಳಿದವು: ಲಂಡನ್ನಿನ ಗೋಲ್ಡ್‌ಸ್ಮಿತ್ಸ್, ಫಿನ್ಲೆಂಡಿನ ಯುವಾಸ್ಕುಲಾ, ಇಂಗ್ಲೆಂಡಿನ ಶೆಫೀಲ್ಡ್. ಗೋಲ್ಡ್‌ಸ್ಮಿತ್ಸ್‌ನ ಎಂ.ಎಸ್ಸಿ.ಯಲ್ಲಿ ಮಿದುಳಿನ ಅಧ್ಯಯನಕ್ಕೆ ದೊಡ್ಡ ಪಾಲು, ಯುವಾಸ್ಕುಲಾದಲ್ಲಿ ಕಂಪ್ಯೂಟರ್ ವಿಶ್ಲೇಷಣೆಗೆ ಒತ್ತು. ಶೆಫೀಲ್ಡ್‌ನಲ್ಲಿ ಈ ಕೋರ್ಸು ನಡೆಯುವುದು ಸಂಗೀತ ವಿಭಾಗದಲ್ಲಿ. ಸುತ್ತಮುತ್ತ ಹಾಡುವವರು, ನುಡಿಸುವವರು ಇರುತ್ತಾರೆ ಎಂಬ ಒಂದೇ ಕಾರಣಕ್ಕೆ ಅದನ್ನು ಆರಿಸಿಕೊಂಡೆ. ಇಂದಿಗೂ ಅದು ಸರಿಯಾದ ಕಾರಣವೆಂದೇ ನನಗನಿಸುತ್ತದೆ. ಬ್ರಿಟನ್ನಿನಲ್ಲಿ ಪೂರ್ಣಾವಧಿ ಸ್ನಾತಕೋತ್ತರ ಪದವಿಗೆ ಒಂದು ವರ್ಷ, 180 ಕ್ರೆಡಿಟ್. ಅದರಲ್ಲಿ ಸಾಮಾನ್ಯವಾಗಿ ಮೂರನೇ ಒಂದು ಪಾಲು ಕೊನೆಯ ಸಂಶೋಧನಾ ಪ್ರಬಂಧಕ್ಕೇ ಹೋಗುತ್ತದೆ. ಹೊರದೇಶದವರಿಗೆ ಶುಲ್ಕ ಬಹಳ ಹೆಚ್ಚು, ಸಾಲವಿಲ್ಲದೆ ನನಗೆ ಆಗುತ್ತಿರಲಿಲ್ಲ.

ತರಗತಿಯಲ್ಲಿ ಪಾಠ ಕೇಳಿದ್ದಕ್ಕಿಂತ ಲೇಖನ ಓದಿದ್ದು, ಓದಿದ್ದನ್ನು ಇತರರೆದುರು ಒಡೆದು ತೋರಿಸಿದ್ದು ಹೆಚ್ಚು. ಮೊದಲು ಕೈಗೆ ಬಂದದ್ದು ಎಲ್ಲರೂ ಕೇಳಿರುವ ಮೊಜಾರ್ಟ್ ಪರಿಣಾಮ. ಮೊಜಾರ್ಟ್ ಕೇಳಿಸಿದರೆ ಮಕ್ಕಳು ಬುದ್ಧಿವಂತರಾಗುತ್ತಾರೆ ಎಂಬ ನಂಬಿಕೆಯ ಮೂಲ 1993ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಒಂದು ಪುಟ್ಟ ಬರಹ. ಅದರಲ್ಲಿ ಮಕ್ಕಳೇ ಇಲ್ಲ. ಇರುವವರು 36 ಕಾಲೇಜು ವಿದ್ಯಾರ್ಥಿಗಳು. ಹತ್ತು ನಿಮಿಷ ಎರಡು ಪಿಯಾನೊಗಳ ಸೊನಾಟಾ ಕೇಳಿದ ಮೇಲೆ ಆಕಾರಗಳನ್ನು ಮನಸ್ಸಿನಲ್ಲಿ ಮಡಚಿ ಬಿಡಿಸುವಂಥ ಪರೀಕ್ಷೆಯಲ್ಲಿ ಅವರು ಸ್ವಲ್ಪ ಮುಂದಿದ್ದರು, ಅದೂ ಕಾಲು ಗಂಟೆಯೊಳಗೆ ಇಳಿದುಹೋಯಿತು. 2001ರಲ್ಲಿ ಥಾಂಪ್ಸನ್, ಶೆಲೆನ್‌ಬರ್ಗ್, ಹುಸೇನ್ ಎಂಬ ಮೂವರು ಇದನ್ನೇ ಮತ್ತೆ ಕೈಗೆತ್ತಿಕೊಂಡು, ಕೇಳುಗರ ಉಲ್ಲಾಸ ಮತ್ತು ಚುರುಕುತನವನ್ನು ಲೆಕ್ಕಕ್ಕೆ ಹಿಡಿದರೆ ಮೊಜಾರ್ಟ್‌ನ ಮಹಿಮೆ ಉಳಿಯುವುದಿಲ್ಲವೆಂದು ತೋರಿಸಿದರು. ಈ ಎರಡು ಲೇಖನಗಳನ್ನು ಅಕ್ಕಪಕ್ಕ ಇಟ್ಟು ಓದಿದ ವಾರ ನನಗೆ ಬಹಳ ಕಲಿಸಿತು. ಯಾರನ್ನು ಕೇಳಿದರು, ಏನನ್ನು ಕೇಳಿಸಿದರು, ಯಾವುದರ ಜೊತೆ ಹೋಲಿಸಿದರು ಎಂಬ ಮೂರು ಪ್ರಶ್ನೆಗಳಿಲ್ಲದೆ ನಾನು ಈಗ ಯಾವ ಸಂಶೋಧನಾ ಸುದ್ದಿಯನ್ನೂ ಓದುವುದಿಲ್ಲ.

ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಮನೋವಿಜ್ಞಾನಿ ಕ್ಯಾರಲ್ ಕ್ರಮ್‌ಹನ್ಸಲ್ ಅವರ ಕೆಲಸ. ರೋಜರ್ ಶೆಪರ್ಡ್ ಜೊತೆ ಅವರು 1979ರಲ್ಲಿ ಪ್ರಕಟಿಸಿದ ವಿಧಾನ ತೀರ ಸರಳ. ಕೊನೆಯ ಸ್ವರ ಬಾಕಿಯಿರುವ ಒಂದು ಸ್ವರಶ್ರೇಣಿಯನ್ನು ಕೇಳಿಸಿ, ಆಮೇಲೆ ಒಂದೇ ಒಂದು ಸ್ವರ ಕೊಟ್ಟು, ಅದು ಎಷ್ಟು ಚೆನ್ನಾಗಿ ಕೂರುತ್ತದೆ ಎಂದು ಒಂದರಿಂದ ಏಳರವರೆಗೆ ಅಂಕ ಕೇಳುವುದು. ಹನ್ನೆರಡು ಸ್ವರಸ್ಥಾನಗಳಿಗೂ ಹೀಗೆ ಮಾಡಿದರೆ ಕೇಳುಗರ ಮನಸ್ಸಿನಲ್ಲಿರುವ ಸ್ವರಗಳ ಮೇಲುಕೀಳು ಕಾಗದದ ಮೇಲೆ ಮೂಡುತ್ತದೆ. ಇದೇ ವಿಧಾನವನ್ನು 1984ರಲ್ಲಿ ಕ್ಯಾಸ್ಟಲಾನೊ, ಭರೂಚಾ ಮತ್ತು ಕ್ರಮ್‌ಹನ್ಸಲ್ ಹತ್ತು ಹಿಂದೂಸ್ತಾನಿ ರಾಗಗಳಿಗೆ ಅನ್ವಯಿಸಿದರು, ಭಾರತೀಯ ಕೇಳುಗರಿಂದಲೂ ಪಾಶ್ಚಾತ್ಯ ಕೇಳುಗರಿಂದಲೂ ಅಂಕ ಪಡೆದರು. ಷಡ್ಜ ಪಂಚಮಗಳಿಗೆ (ಸ, ಪ) ಇಬ್ಬರೂ ಹೆಚ್ಚು ಅಂಕ ಕೊಟ್ಟರು. ಯಾವ ಸ್ವರ ಹೆಚ್ಚು ಹೊತ್ತು ನುಡಿಯಿತೋ ಅದಕ್ಕೆ ಇಬ್ಬರ ಕಿವಿಯೂ ಒಲಿಯಿತು. ರಾಗದ ಹಿಂದಿರುವ ಥಾಟ್, ಅಂದರೆ ಅದು ಸೇರುವ ಮೂಲ ಸ್ವರಶ್ರೇಣಿ, ಮಾತ್ರ ಭಾರತೀಯರ ಅಂಕಗಳಲ್ಲಷ್ಟೇ ಕಾಣಿಸಿತು. ಎಂದರೆ, ಆ ಕ್ಷಣ ಕಿವಿಗೆ ಬಿದ್ದದ್ದರಿಂದ ಕಲಿಯುವ ಒಂದು ಶಕ್ತಿ ಎಲ್ಲರಿಗೂ ಇದೆ, ವರ್ಷಗಟ್ಟಲೆ ಕೇಳಿ ಒಳಗೆ ಇಳಿದ ಇನ್ನೊಂದು ತಿಳಿವಳಿಕೆ ಅದರ ಜೊತೆಗೆ ಕೆಲಸ ಮಾಡುತ್ತದೆ. ಎರಡನ್ನೂ ಬಿಡಿಸಿ ತೋರಿಸಿದ ಆ ಲೇಖನವನ್ನು ಶೆಫೀಲ್ಡ್‌ನ ವೆಸ್ಟರ್ನ್ ಬ್ಯಾಂಕ್ ಗ್ರಂಥಾಲಯದಲ್ಲಿ ಕುಳಿತು ಓದಿ ಮುಗಿಸಿದಾಗ ನನ್ನ ಪ್ರಬಂಧದ ವಿಷಯ ನಿಶ್ಚಯವಾಗಿತ್ತು.

ಕರ್ನಾಟಕ ಸಂಗೀತ ಕಲಿತವರಿಗೆ ಆ ವಿಧಾನದಲ್ಲಿ ಒಂದು ತೊಡಕು ತಕ್ಷಣ ಕಾಣುತ್ತದೆ. ಅಲ್ಲಿ ಕೇಳಿಸುವ ಒಂಟಿ ಸ್ವರ ಅಲುಗಾಡದೆ ನಿಂತಿರುತ್ತದೆ. ನಮ್ಮ ತೋಡಿ ರಾಗದ ಗಾಂಧಾರ, ಅಂದರೆ 'ಗ' ಸ್ವರ, ಎಲ್ಲಿ ನಿಲ್ಲುತ್ತದೆ?

ಮಾರ್ಗದರ್ಶಕರಿಗೆ ಇದನ್ನು ವಿವರಿಸಲು ಪರಿಚಿತ ಗಾಯಕಿಯೊಬ್ಬರಿಂದ ತೋಡಿಯ ಒಂದು ಸಂಚಾರ (ರಾಗದ ರೂಪ ತೋರಿಸುವ ಸ್ವರಗಳ ಓಟ) ಹಾಡಿಸಿ, 'ಪ್ರಾಟ್' ಎಂಬ ಉಚಿತ ತಂತ್ರಾಂಶದಲ್ಲಿ ತೆರೆದೆ. ಆಮ್‌ಸ್ಟರ್‌ಡ್ಯಾಮ್ ವಿಶ್ವವಿದ್ಯಾಲಯದಲ್ಲಿ ಮಾತಿನ ಧ್ವನಿಗಾಗಿ ಸಿದ್ಧವಾದ ತಂತ್ರಾಂಶ ಅದು, ಹಾಡಿನ ಸ್ಥಾಯಿಯನ್ನೂ ಗೆರೆಯಾಗಿ ಬರೆದು ತೋರಿಸುತ್ತದೆ. ಗಾಯಕಿಯ ಶ್ರುತಿ ಐದೂವರೆ, ಅಂದರೆ ಷಡ್ಜ ಸುಮಾರು 208 ಹರ್ಟ್ಸ್. ತೋಡಿಯಲ್ಲಿ ಬರುವ 'ಸಾಧಾರಣ ಗಾಂಧಾರ' ಲೆಕ್ಕದ ಪ್ರಕಾರ 247ರ ಹತ್ತಿರ ಬೀಳಬೇಕು. ತೆರೆಯ ಮೇಲಿನ ಗೆರೆ 220ರ ಆಸುಪಾಸಿನ ರಿಷಭದಿಂದ ಎದ್ದು 277ರ ಆಸುಪಾಸಿನ ಮಧ್ಯಮವನ್ನು ಮುಟ್ಟಿ ಮತ್ತೆ ಇಳಿಯುತ್ತಿತ್ತು. 247ರಲ್ಲಿ ಅದು ತಂಗುವುದೇ ಇಲ್ಲ, ಹಾದುಹೋಗುತ್ತದೆ ಅಷ್ಟೆ. ಮಾರ್ಗದರ್ಶಕರು ಬಹಳ ಹೊತ್ತು ನೋಡಿ, ಹಾಗಾದರೆ ಕೇಳುಗರು ಇದನ್ನು ಒಂದೇ ಸ್ವರವೆಂದು ಕೇಳುತ್ತಾರೆಂದು ನಿನಗೆ ಹೇಗೆ ಗೊತ್ತು ಎಂದರು. ಹಾಡುವವರಿಗೆ ಎಂದೂ ಹೊಳೆಯದ ಪ್ರಶ್ನೆ ಅದು. ನಾವು 'ಗ' ಎಂದು ಹೆಸರು ಹೇಳಿಕೊಂಡೇ ಕಲಿತವರು. ಹೆಸರು ಕಲಿಯದ, ಆದರೆ ಜೀವಮಾನವಿಡೀ ಕಛೇರಿ ಕೇಳಿದ ರಸಿಕರ ಕಿವಿಯಲ್ಲಿ ಏನಾಗುತ್ತದೆ?

ಪ್ರಯೋಗ ಆ ಪ್ರಶ್ನೆಯ ಸುತ್ತ ಬೆಳೆಯಿತು. ತೋಡಿಯ ಒಂದು ಸಂಚಾರದ ನಂತರ ಒಮ್ಮೆ ನೇರವಾಗಿ ನಿಂತ ಗಾಂಧಾರ, ಒಮ್ಮೆ ಗಮಕದೊಡನೆ, ಅಂದರೆ ತೂಗಿಸಿ, ಹಾಡಿದ ಗಾಂಧಾರ. ಹೋಲಿಕೆಗೆ ಶಂಕರಾಭರಣ ರಾಗ, ಅಲ್ಲಿ ಬರುವ ತುಸು ಮೇಲಿನ 'ಅಂತರ ಗಾಂಧಾರ' ನೇರವಾಗಿ ನಿಂತರೂ ಕಿವಿಗೆ ಒಗ್ಗುತ್ತದೆ. ಹೇಳಲು ಎರಡು ಸಾಲು, ಸಿದ್ಧಪಡಿಸಲು ತಿಂಗಳುಗಳು. ತೀರ ಚಿಕ್ಕದಾಗಿ ಕತ್ತರಿಸಿದರೆ ಗಮಕದ ಒಂದು ತೂಗಾಟವೂ ಪೂರ್ತಿಯಾಗುವುದಿಲ್ಲ, ಉದ್ದವಾಗಿ ಬಿಟ್ಟರೆ ಅದೇ ಒಂದು ಸಂಚಾರವಾಗಿಬಿಡುತ್ತದೆ. ಕತ್ತರಿಸಿದ ತುದಿ ಟಕ್ಕೆನ್ನದಂತೆ ಕೆಲವು ಮಿಲಿಸೆಕೆಂಡುಗಳಲ್ಲಿ ಧ್ವನಿಯನ್ನು ಇಳಿಸಬೇಕು. ಎರಡೂ ಸ್ವರಗಳ ಗಟ್ಟಿತನ ಸಮನಿರಬೇಕು, ಇಲ್ಲದಿದ್ದರೆ ಕೇಳುಗರು ಗಮಕವನ್ನು ಬಿಟ್ಟು ಗಟ್ಟಿತನಕ್ಕೆ ಅಂಕ ಕೊಡುತ್ತಾರೆ. ತಂಬೂರಿ ಹಿಂದೆ ಇರಬೇಕೇ ಬೇಡವೇ ಎಂಬುದೇ ದೊಡ್ಡ ಚರ್ಚೆಯಾಯಿತು. ಶ್ರುತಿಯಿಲ್ಲದ ಗಾಂಧಾರ ಯಾವುದರಿಂದ ಗಾಂಧಾರ ಎಂದು ಹಟ ಹಿಡಿದು ಇಟ್ಟುಕೊಂಡೆ.

ಕೇಳುಗರನ್ನು ಸೇರಿಸುವ ಮೊದಲು ವಿಶ್ವವಿದ್ಯಾಲಯದ ನೈತಿಕ ಅನುಮತಿ ಬೇಕು. ಏನು ಕೇಳಿಸುತ್ತೇವೆ, ದಾಖಲೆ ಎಲ್ಲಿರುತ್ತದೆ, ಯಾವಾಗ ಬೇಕಾದರೂ ಎದ್ದುಹೋಗಬಹುದು ಎಂದೆಲ್ಲ ಬರೆದ ಒಪ್ಪಿಗೆ ಪತ್ರ ಸಿದ್ಧಪಡಿಸಬೇಕು. ಒಂದು ಕಡೆ ಸಂಗೀತ ವಿಭಾಗದ ವಿದ್ಯಾರ್ಥಿಗಳು, ಇನ್ನೊಂದು ಕಡೆ ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡ, ತಮಿಳು, ತೆಲುಗು ಕುಟುಂಬಗಳ ಹಿರಿಯ ರಸಿಕರು. ಹಿರಿಯರು ಪ್ರೀತಿಯಿಂದ ಕಾಫಿ ಕೊಟ್ಟು ಕೂರಿಸಿ ಹೆಡ್‌ಫೋನ್ ಹಾಕಿಕೊಂಡರು. ನೇರ ಗಾಂಧಾರ ಬಂದೊಡನೆ ಒಬ್ಬರು ಹೆಡ್‌ಫೋನ್ ತೆಗೆದು, "ವೀಣೆಯ ತಂತಿ ಎಳೆಯದೆ ಬರೀ ಮೆಟ್ಟಿಲು ಮುಟ್ಟಿದ ಹಾಗಿದೆಯಲ್ಲಮ್ಮ" ಎಂದರು. ಅವರು ಎಂದೂ ಸ್ವರ ಕಲಿತವರಲ್ಲ. ಅದೇ ಜಾಗದಲ್ಲಿ ಗಮಕದ ಗಾಂಧಾರ ಕೇಳಿದ ಪಿಯಾನೊ ವಿದ್ಯಾರ್ಥಿನಿಯೊಬ್ಬಳಿಗೆ ಗಾಯಕಿ ಸ್ವರವನ್ನು ಹುಡುಕುತ್ತಿದ್ದಾಳೆ ಅನಿಸಿತು. ಇಬ್ಬರೂ ತಮ್ಮ ಕಿವಿಗೆ ನಿಷ್ಠರಾಗಿದ್ದರು. ಅಂಕಗಳೂ ಬಹುಮಟ್ಟಿಗೆ ಅತ್ತಲೇ ವಾಲಿದವು. ನನ್ನದು ಸಣ್ಣ ಗುಂಪು, ಎರಡೇ ರಾಗ, ಒಂದೇ ಕಂಠ. ಹಾಗಾಗಿ ಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಎಷ್ಟನ್ನು ಹೇಳಬಹುದೋ ಅಷ್ಟನ್ನೇ ಹೇಳಿ ನಿಲ್ಲಿಸಿದೆ. ಹಾಗೆ ನಿಲ್ಲಿಸಲು ಕಲಿಸುವುದೇ ಈ ಪದವಿಯ ದೊಡ್ಡ ಕೊಡುಗೆ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ.

ಸಂಖ್ಯಾಶಾಸ್ತ್ರದ ಬಗ್ಗೆ ಕೇಳುವವರಿಗೆ: ತಪ್ಪಿಸಿಕೊಳ್ಳಲು ದಾರಿಯಿಲ್ಲ. ಸಂಗೀತದ ಕಡೆಯಿಂದ ಬರುವವರು ಹೊರಡುವ ಮೊದಲೇ ಅಂಕಿಅಂಶಗಳ ಲೆಕ್ಕಕ್ಕೆ ಬಳಸುವ 'ಆರ್' ಎಂಬ ಕಂಪ್ಯೂಟರ್ ಭಾಷೆಯ ಪ್ರಾಥಮಿಕ ಪಾಠಗಳನ್ನು ಮುಗಿಸಿಕೊಳ್ಳುವುದು ಒಳ್ಳೆಯದು. ಮನೋವಿಜ್ಞಾನದಿಂದ ಬರುವವರು ಪಾಶ್ಚಾತ್ಯ ಸ್ವರಲಿಪಿಯನ್ನು ಓದಲು ಕಲಿತಿರಬೇಕು, ಲೇಖನಗಳ ಅರ್ಧ ಉದಾಹರಣೆಗಳು ಅದರಲ್ಲೇ ಇರುತ್ತವೆ. ವಿದೇಶಕ್ಕೆ ಹೋಗಲಾಗದವರಿಗೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಸಂಗೀತ ಗ್ರಹಿಕೆಯ ಪ್ರಯೋಗಾಲಯವೇ ಇದೆ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರದವರು 2015ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನನಗೆ ಬಹಳ ಇಷ್ಟ. ಒಂದೇ ರಾಗವನ್ನು ತಾಳವಿಲ್ಲದ ಆಲಾಪದಲ್ಲೂ ತಾಳವಿರುವ ಗತ್‌ನಲ್ಲೂ ಕೇಳಿಸಿ, ಲಯ ಸೇರಿದೊಡನೆ ಕೇಳುಗರು ಹೇಳುವ ಭಾವ ಹೇಗೆ ಬದಲಾಗುತ್ತದೆಂದು ಅದು ತೋರಿಸಿತು. ಒಂದು ರಾಗಕ್ಕೆ ಒಂದು ಭಾವ ಎಂದು ಪಟ್ಟಿ ಮಾಡುವವರೆಲ್ಲ ಅದನ್ನು ಓದಬೇಕು.

ಅರ್ಜಿಯ ಜೊತೆಗಿನ ಹೇಳಿಕೆಯನ್ನು ನೋಡಿಕೊಡಿ ಎಂದು ಕೆಲವರು ನನಗೆ ಕಳಿಸುತ್ತಾರೆ. ಹೆಚ್ಚಿನವುಗಳಲ್ಲಿ 'ಮನಸ್ಸಿನ ಮೇಲೆ ಸಂಗೀತದ ಪ್ರಭಾವ'ವನ್ನು ಅಧ್ಯಯನ ಮಾಡುವ ಆಸೆ ಇರುತ್ತದೆ. ಅದನ್ನು ಹೊಡೆದುಹಾಕಿ, ನಿಮ್ಮ ಕಿವಿಗೆ ನಿಜವಾಗಿ ಎದುರಾದ ಒಂದು ಪ್ರಶ್ನೆಯನ್ನು ಬರೆಯಿರಿ ಎನ್ನುತ್ತೇನೆ. ಸಾವೇರಿ ರಾಗ ಹುಟ್ಟುವುದು ಮಾಯಾಮಾಳವಗೌಳ ರಾಗದಿಂದಲೇ, ಎರಡರ ಸ್ವರಗಳೂ ಅವೇ. ಆದರೂ ಕಛೇರಿಯಲ್ಲಿ ಗಾಯಕ ಬಾಯಿ ತೆರೆದ ಕೆಲವೇ ಕ್ಷಣಗಳಲ್ಲಿ ರಸಿಕರು ಸಾವೇರಿ ಎಂದುಬಿಡುತ್ತಾರೆ. ಎಷ್ಟು ಸ್ವರ ಕೇಳಿದ ಮೇಲೆ, ಯಾವ ಹಿಡಿತದಿಂದ? ಅಂಥದ್ದೊಂದು ಸಾಲಿದ್ದರೆ ಆಯ್ಕೆ ಮಾಡುವವರು ಮುಂದಕ್ಕೆ ಓದುತ್ತಾರೆ.