ಹಳ್ಳೀಲಿ ಕಲಾ ಹಬ್ಬ ಮಾಡ್ಬೇಕಾ? ಮೊದಲು ಕೈ ಎಣಿಸಿ, ಆಮೇಲೆ ಕಲಾವಿದರನ್ನ ಕರೀರಿ

ಹಳ್ಳೀಲೊಂದು ಕಲಾ ಹಬ್ಬ ಮಾಡೋಣ ಅಂತ ನಾಲ್ಕು ಜನ ಕೂತ್ರೆ ಮೊದಲು ಬರೋ ಮಾತೇ ಯಾರನ್ನ ಕರೆಸೋಣ ಅನ್ನೋದು. ನಾಟಕ ಯಾರದ್ದು, ಹಾಡೋರು ಯಾರು, ಚಿತ್ರಗಳನ್ನ ಎಲ್ಲಿ ತೂಗುಹಾಕೋದು, ಪೋಸ್ಟರ್ ಯಾವ ಬಣ್ಣದಲ್ಲಿರ್ಬೇಕು ಅಂತೆಲ್ಲ ರಾತ್ರಿ ಹನ್ನೊಂದರವರೆಗೂ ಮಾತಾಡ್ತಾರೆ, ಕಸ ಯಾರು ಎತ್ತೋದು ಅಂತ ಮಾತ್ರ ಒಬ್ರೂ ಕೇಳಲ್ಲ. ನನ್ನ ಕೇಳಿದ್ರೆ ಶುರು ಮಾಡ್ಬೇಕಾಗಿರೋದೇ ಅಲ್ಲಿಂದ. ಹಬ್ಬ ಮುಗಿದ ಮಾರನೇ ದಿನ ನಿದ್ದೆಗಣ್ಣಲ್ಲಿ ಬಂದು ಕುರ್ಚಿ ಪೇರಿಸಿ, ಕಂಬ ಕಿತ್ತು, ಮೈದಾನ ಗುಡಿಸೋಕೆ ಖಂಡಿತ ಬರೋರು ಎಷ್ಟು ಜನ? "ಬರ್ತೀನಿ ಅನ್ಸುತ್ತೆ" ಅಂದೋರನ್ನ ಲೆಕ್ಕಕ್ಕೆ ತಗೋಬೇಡಿ. ಉಳಿದ ಸಂಖ್ಯೆ ಇದ್ಯಲ್ಲ, ಅದೇ ನಿಮ್ಮ ಹಬ್ಬದ ಅಳತೆ. ಹತ್ತು ಜನ ಇದ್ರೆ ಒಂದು ಸಂಜೆ, ಒಂದೇ ವೇದಿಕೆ. ಮೂವತ್ತು ನಲವತ್ತು ಜನ ಗಟ್ಟಿ ಇದ್ರೆ ಎರಡು ದಿನದ ಮಾತಾಡಿ.

ದೊಡ್ಡದಾಗಿ ಮಾಡೋಕೆ ಆಗೋದೇ ಇಲ್ಲ ಅಂತಲ್ಲ. ಜಪಾನಿನ ನೀಗಾಟ ಪ್ರಾಂತ್ಯದಲ್ಲಿ ಎಚಿಗೊ ತ್ಸುಮಾರಿ ಅನ್ನೋ ಬೆಟ್ಟಗುಡ್ಡದ ಸೀಮೆ ಇದೆ, ಹುಡುಗ್ರೆಲ್ಲ ಪಟ್ಟಣ ಸೇರಿ ಊರಲ್ಲಿ ವಯಸ್ಸಾದೋರೇ ಉಳ್ಕೊಂಡಿರೋ ಜಾಗ. 2000ನೇ ಇಸವಿಯಿಂದ ಅಲ್ಲಿ ಮೂರು ವರ್ಷಕ್ಕೊಮ್ಮೆ ಕಲಾ ಹಬ್ಬ ನಡೀತಿದೆ, ಖಾಲಿ ಮನೆ, ಮುಚ್ಚಿಹೋದ ಶಾಲೆ, ಭತ್ತದ ಗದ್ದೆ, ಎಲ್ಲಾ ಕಡೆ ಕಲಾಕೃತಿ. ಇದರ ಬೆನ್ನಿಗೆ ನಿಂತಿರೋದು ಕೊಹೆಬಿ ಅನ್ನೋ ಸ್ವಯಂಸೇವಕರ ಗುಂಪು, ಕಲಾಕೃತಿ ಕಟ್ಟೋಕೂ ಅವರೇ ಬೇಕು ಕಾಯೋಕೂ ಅವರೇ ಬೇಕು. ಅಲ್ಲಿಂದ ನಾವು ಕಲೀಬೇಕಾದ್ದು ಇಷ್ಟೇ, ಹೊಸದಾಗಿ ಹಾಲ್ ಕಟ್ಟೋದು ಬೇಡ, ಊರಲ್ಲಿ ಖಾಲಿ ಬಿದ್ದಿರೋದನ್ನ ನೋಡಿ.

ತಾರೀಖು

ಬಿತ್ತನೆ, ಕೊಯ್ಲು, ಮಕ್ಕಳ ಪರೀಕ್ಷೆ, ಈ ಮೂರನ್ನ ಕ್ಯಾಲೆಂಡರಲ್ಲಿ ಹೊಡೆದುಹಾಕಿ, ಉಳಿದಿದ್ರಲ್ಲಿ ಮಳೆ ಇಲ್ದೇ ಇರೋ ವಾರ ಹುಡುಕಿ. ಹುಣ್ಣಿಮೆ ಹತ್ತಿರ ಸಿಕ್ಕಿದ್ರೆ ಬಿಡಬೇಡಿ, ಸೂರ್ಯ ಮುಳುಗೋ ಹೊತ್ತಿಗೇ ಚಂದ್ರ ಹುಟ್ಟಿರ್ತಾನೆ, ಬೀದಿದೀಪ ಇಲ್ಲದ ದಾರೀಲಿ ಜನ ಆರಾಮಾಗಿ ಮನೆಗೆ ಹೋಗ್ತಾರೆ. ಕನಿಷ್ಠ ಆರು ತಿಂಗಳು ಮುಂಚೆ ತಾರೀಖು ಗಟ್ಟಿಯಾಗ್ಲಿ, ಒಂದ್ಸಲ ಹೇಳಿದ್ಮೇಲೆ ಯಾರೋ ದೊಡ್ಡೋರಿಗೆ ಅವತ್ತು ಬರೋಕಾಗಲ್ಲ ಅಂತ ಬದಲಾಯಿಸಬೇಡಿ.

ಕೆಲಸ ಹಂಚೋದು

ಪೂರ್ತಿ ಹಬ್ಬ ಎಲ್ಲಾದ್ರೂ ಹಳ್ಳ ಹಿಡಿಯೋದಿದ್ರೆ ಇಲ್ಲೇ. "ಎಲ್ರೂ ಸೇರಿ ಮಾಡೋಣ" ಅಂದ್ರೆ ಯಾರೂ ಮಾಡಲ್ಲ ಅಂತಲೇ ಅರ್ಥ. ಒಂದು ದೊಡ್ಡ ಹಾಳೇಲಿ ಕೆಲಸಗಳನ್ನೆಲ್ಲ ಬರೀರಿ, ಕರೆಂಟು, ನೀರು, ಶೌಚಾಲಯ, ಪಾರ್ಕಿಂಗ್, ದುಡ್ಡು, ಕಲಾವಿದರ ಊಟ-ವಸತಿ, ಪ್ರಚಾರ, ಫಸ್ಟ್ ಏಡ್, ಕಸ. ಪ್ರತಿಯೊಂದರ ಮುಂದೆ ಒಂದೇ ಹೆಸರು, ಪಕ್ಕದಲ್ಲಿ ಅವರಿಗೆ ಹುಷಾರಿಲ್ಲ ಅಂದ್ರೆ ನಿಲ್ಲೋರ ಹೆಸರು. ಒಂದೇ ಕೆಲಸಕ್ಕೆ ಇಬ್ರು ಯಜಮಾನರಾದ್ರೆ ಇವರು ಮಾಡ್ತಾರೆ ಅಂತ ಅವರು, ಅವರು ಮಾಡ್ತಾರೆ ಅಂತ ಇವರು. ಐದರಿಂದ ಏಳು ಜನದ ಒಂದು ಮುಖ್ಯ ತಂಡ ಸಾಕು, ಅದಕ್ಕಿಂತ ದೊಡ್ಡದಾದ್ರೆ ಮೀಟಿಂಗ್ ನಡೆಯುತ್ತೆ, ಕೆಲಸ ನಡೆಯಲ್ಲ.

ಸ್ವಯಂಸೇವಕರು ಅಂದ್ರೆ ಪುಕ್ಕಟೆ ಆಳು ಅಂದ್ಕೊಳ್ಳೋದು ದೊಡ್ಡ ತಪ್ಪು, ಒಬ್ಬರಿಗೆ ಒಂದು ಪಾಳಿ ನಾಲ್ಕು ಗಂಟೆ ಮೀರಬಾರ್ದು, ಊಟ ಹೊತ್ತಿಗೆ ಸರಿಯಾಗಿ ಸಿಗಬೇಕು, ಮತ್ತೆ ಅವರೂ ಒಂದಾದ್ರೂ ಕಾರ್ಯಕ್ರಮ ಕೂತು ನೋಡೋ ಹಾಗಿರ್ಬೇಕು, ಇಲ್ಲಾಂದ್ರೆ ಹಾಡು ಕೇಳೋ ಆಸೆಗೆ ಬಂದೋರು ಎರಡು ದಿನ ಗೇಟು ಕಾದು ಮುಂದಿನ ಸಲ ಫೋನೇ ಎತ್ತಲ್ಲ. ದುಡ್ಡಿನ ಡಬ್ಬದ ಹತ್ರ ಯಾವಾಗ್ಲೂ ಇಬ್ರು. ನಂಬಿಕೆ ಇಲ್ಲ ಅಂತಲ್ಲ, ನಾಳೆ ಯಾರೂ ಅವರ ಮೇಲೆ ಬೆರಳು ತೋರಿಸಬಾರ್ದು ಅಂತ. ಮಕ್ಕಳ ಶಿಬಿರ ಇದ್ರೆ ಅಲ್ಲೂ ಅಷ್ಟೇ, ಯಾವ ದೊಡ್ಡೋರೂ ಒಬ್ರೇ ಮಕ್ಕಳ ಜೊತೆ ಇರೋ ಹಾಗಾಗಬಾರ್ದು.

ದುಡ್ಡು

ಮೊದಲು ಖರ್ಚಿನ ಪಟ್ಟಿ, ಆಮೇಲೆ ಕನಸು. ಒಟ್ಟು ಖರ್ಚಿನ ಮೇಲೆ ಶೇ. 10ರಷ್ಟು ತುರ್ತಿಗೆ ಅಂತ ಎತ್ತಿಡಿ, ಅದನ್ನ ಕೊನೇ ದಿನದವರೆಗೂ ಮುಟ್ಟಬೇಡಿ. ಬ್ಯಾಂಕ್ ಖಾತೆ ಇಬ್ಬರ ಸಹಿಯಲ್ಲಿರ್ಲಿ. ಕೊಡ್ತೀನಿ ಅಂದ ದೇಣಿಗೆ ಕೈಗೆ ಬರೋವರೆಗೂ ದುಡ್ಡಲ್ಲ. ಇನ್ನೊಂದು, ಹೊರಗಿನ ಕಲಾವಿದರಿಗೆ ಸಂಭಾವನೆ, ಊರಿನ ಕಲಾವಿದರಿಗೆ ಬರೀ ಚಪ್ಪಾಳೆ ಅನ್ನೋದನ್ನ ದಯವಿಟ್ಟು ನಿಲ್ಸಿ. ಕಮ್ಮಿಯಾದ್ರೂ ಕೊಡಿ, ಎಷ್ಟು, ಯಾವತ್ತು ಅಂತ ಮೊದಲೇ ಬರೆದುಕೊಡಿ. ಬೇರೆಯವರು ಬರೆದ ನಾಟಕ ಆಡಿಸ್ತಿದ್ರೆ ಟಿಕೆಟ್ ಇಲ್ಲ ಅಂದ ಮಾತ್ರಕ್ಕೆ ಪರ್ಮಿಷನ್ ಬೇಡ ಅಂತ ಅಂದ್ಕೋಬೇಡಿ, ಕೇಳ್ಕೊಂಡೇ ಮುಂದೆ ಹೋಗಿ.

ಜಾಗ, ಕರೆಂಟು, ಸೌಂಡು

ವೇದಿಕೆ ಯಾವ ದಿಕ್ಕಿಗೆ ಅನ್ನೋದನ್ನ ಸಂಜೆ ಹೊತ್ತಲ್ಲಿ ಜಾಗದಲ್ಲಿ ನಿಂತೇ ತೀರ್ಮಾನ ಮಾಡಿ. ವೇದಿಕೆ ಪಶ್ಚಿಮಕ್ಕೆ ಮುಖ ಮಾಡಿದ್ರೆ ಇಳಿಬಿಸಿಲು ಕಲಾವಿದರ ಕಣ್ಣಿಗೆ, ಪೂರ್ವಕ್ಕೆ ಮಾಡಿದ್ರೆ ನೋಡೋರ ಕಣ್ಣಿಗೆ, ಹಾಗಾಗಿ ಉತ್ತರ ಇಲ್ಲ ದಕ್ಷಿಣ ವಾಸಿ. ಹಿಂದಿನ ಪರದೆ, ಫ್ಲೆಕ್ಸು ದೊಡ್ಡದಾದಷ್ಟೂ ಗಾಳಿಗೆ ಅಪಾಯ, ಗಾಳಿ ವೇಗ ಎರಡರಷ್ಟಾದ್ರೆ ಅದು ತಳ್ಳೋ ಬಲ ನಾಲ್ಕರಷ್ಟಾಗುತ್ತೆ. ಕಂಬಕ್ಕೆ ಹಗ್ಗ ಬಿಗಿಯೋದನ್ನ ಗೊತ್ತಿರೋರ ಕೈಲೇ ಮಾಡಿಸಿ.

ಜನರೇಟರ್ ಬಾಡಿಗೆಗೆ ತರುವಾಗ 25 ಕೆವಿಎ ಅಂದ್ರೆ 25 ಕಿಲೋವ್ಯಾಟ್ ಅಂದ್ಕೊಳ್ಳೋರೇ ಜಾಸ್ತಿ. ಸಾಮಾನ್ಯವಾಗಿ 0.8 ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ನಿಜವಾಗಿ ಕೆಲಸಕ್ಕೆ ಸಿಗೋ ಪಾಲು) ಲೆಕ್ಕ, ಅಂದ್ರೆ ಸಿಗೋದು 20 ಕಿಲೋವ್ಯಾಟ್, ಅದರಲ್ಲೂ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ಹೇರಬಾರ್ದು. ವೇದಿಕೆಗೆ ಹಾಕೋ ಹಳೇ ಹ್ಯಾಲೊಜೆನ್ ಪಾರ್ ಲೈಟು ಒಂದೊಂದೇ 1000 ವ್ಯಾಟ್ ಎಳೆಯೋದುಂಟು, ಎಲ್‌ಇಡಿ ತಗೊಂಡ್ರೆ ಅರ್ಧ ತಲೆನೋವು ಕಮ್ಮಿ. 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದ ಕೂಡಲೇ ತಾನಾಗೇ ಲೈನ್ ಕಡಿಯೋ ಸ್ವಿಚ್ಚು) ಇಲ್ದೇ ವೇದಿಕೆಗೆ ಕರೆಂಟು ಕೊಡಲೇಬೇಡಿ, ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಜಾಯಿಂಟ್ ಹಾಕಿದ ವೈರು ಇರುತ್ತೆ, ಬರಿಗಾಲಲ್ಲಿ ಮಕ್ಕಳು ಓಡಾಡ್ತಿರ್ತಾರೆ. ಇಬ್ಬನಿ ಅಂದ್ಮೇಲೆ ನೆನಪಾಯ್ತು, ಚರ್ಮದ ವಾದ್ಯಗಳು ತೇವಕ್ಕೆ ಸಡಿಲ ಆಗ್ತವೆ, ಅವುಗಳ ಕಾರ್ಯಕ್ರಮ ಸಂಜೇಲೇ ಮುಗಿಸಿ ಇಲ್ಲಾ ಮೇಲೆ ಚಪ್ಪರ ಇರ್ಲಿ.

ಸೌಂಡ್ ಬಗ್ಗೆ ಸ್ವಲ್ಪ ಜಾಸ್ತೀನೇ ಹೇಳ್ತೀನಿ, ಯಾಕಂದ್ರೆ ಹಬ್ಬ ಕೆಡಿಸೋದು ಹೆಚ್ಚಾಗಿ ಇದೇ. ಬಯಲಲ್ಲಿ ಸ್ಪೀಕರಿಂದ ದೂರ ಎರಡರಷ್ಟಾದಾಗೆಲ್ಲ ಶಬ್ದ ಸುಮಾರು 6 ಡೆಸಿಬಲ್ ಇಳಿಯುತ್ತೆ. ಹಿಂದಿನೋರಿಗೆ ಕೇಳಿಸ್ತಿಲ್ಲ ಅಂತ ವಾಲ್ಯೂಮ್ ಏರಿಸ್ತಾ ಹೋದ್ರೆ ಮುಂದೆ ಕೂತಿರೋ ಅಜ್ಜಿ, ಮಕ್ಕಳ ಕಿವಿ ತೂತು. ಅದರ ಬದಲು ಮಧ್ಯದಲ್ಲಿ ಇನ್ನೊಂದು ಜೊತೆ ಸಣ್ಣ ಸ್ಪೀಕರ್ ಇಡಿ, ಆದ್ರೆ ಅದಕ್ಕೆ ಡಿಲೇ ಕೊಡ್ಬೇಕು, ಅಂದ್ರೆ ಅದರ ಶಬ್ದ ಒಂಚೂರು ತಡವಾಗಿ ಬರೋ ಹಾಗೆ ಮಾಡ್ಬೇಕು, ಶಬ್ದ ಒಂದು ಮೀಟರ್ ಹೋಗೋಕೆ ಸುಮಾರು 3 ಮಿಲಿಸೆಕೆಂಡ್ ತಗೊಳ್ಳುತ್ತೆ, 30 ಮೀಟರ್ ಹಿಂದಿಟ್ರೆ ಹತ್ತಿರಹತ್ತಿರ 90, ಇದು ಕೊಡದಿದ್ರೆ ಒಂದೇ ಮಾತು ಎರಡು ಸಲ ಕೇಳಿಸಿ ನಾಟಕ ಅರ್ಥವೇ ಆಗಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಇಂಥ ಜಾಗಗಳಿಗೆ ಸರಾಸರಿ 100 ಡೆಸಿಬಲ್ ಮಿತಿ ಅಂತ ಹೇಳಿದೆ, ಹಳ್ಳಿ ಮೈದಾನಕ್ಕೆ ಅಷ್ಟೂ ಬೇಡ. ಪಕ್ಕದಲ್ಲೇ ದನದ ಕೊಟ್ಟಿಗೆ, ಹುಷಾರಿಲ್ಲದೋರ ಮನೆ ಇದ್ರೆ ಮೊದಲೇ ಹೋಗಿ ಮಾತಾಡ್ಕೊಂಡು ಬನ್ನಿ, ಎಷ್ಟು ಗಂಟೆಗೆ ನಿಲ್ಲಿಸ್ತೀರಿ ಅಂತ ಹೇಳಿ, ಅಷ್ಟೊತ್ತಿಗೆ ನಿಲ್ಲಿಸಿ.

ಬರೋ ಜನ

ಒಂದು ಎಕರೆ ಸಮತಟ್ಟು ಜಾಗದಲ್ಲಿ ಓಡಾಟದ ದಾರಿ ಬಿಟ್ಟು ಸುಮಾರು 150 ಕಾರು ನಿಲ್ಲಿಸಬಹುದು, ನೆಲ ಗಟ್ಟಿ ಇದ್ರೆ ಮಾತ್ರ, ಉತ್ತ ಹೊಲ ಆದ್ರೆ ಒಂದು ಮಳೆಗೆ ಎಲ್ಲಾ ಹೂತು ಟ್ರ್ಯಾಕ್ಟರ್ ತಂದು ಎಳೀಬೇಕಾಗುತ್ತೆ. ಆಂಬುಲೆನ್ಸ್ ಬರೋ ದಾರೀಲಿ ಒಂದು ಬೈಕೂ ನಿಲ್ಲಬಾರ್ದು, ಅಲ್ಲಿ ನಾಚಿಕೆ ಇಲ್ದೇ ಬೈಯೋ ಸ್ವಭಾವದೋರನ್ನೇ ನಿಲ್ಲಿಸಿ. ಶೌಚಾಲಯ ಹೆಂಗಸರಿಗೆ ಜಾಸ್ತಿ ಇರ್ಲಿ, ದೀಪ ಮತ್ತೆ ಒಳಗಿಂದ ಚಿಲಕ ಇರ್ಲಿ, ಗಾಲಿಕುರ್ಚಿ ಹೋಗೋ ಅಗಲದ್ದು ಒಂದಾದ್ರೂ ಇರ್ಲಿ. ಜನ ನಿಂತು ನೋಡೋ ಕಡೆ ಒಂದು ಚದರ ಮೀಟರಿಗೆ ನಾಲ್ಕು ಜನ ದಾಟ್ತಿದ್ದಾರೆ ಅನ್ನಿಸಿದ್ರೆ ಒಳಗೆ ಬಿಡೋದು ನಿಲ್ಸಿ.

ಗುಡುಗಿಗೆ ಒಂದು ಲೆಕ್ಕ ಇದೆ, ಮಿಂಚು ಕಂಡ 30 ಸೆಕೆಂಡ್ ಒಳಗೆ ಗುಡುಗು ಕೇಳಿಸಿದ್ರೆ ಕಾರ್ಯಕ್ರಮ ನಿಲ್ಲಿಸಿ ಎಲ್ಲರನ್ನೂ ಪಕ್ಕಾ ಕಟ್ಟಡದೊಳಗೆ ಕಳಿಸಿ, ಮರದ ಕೆಳಗಲ್ಲ, ಶಾಮಿಯಾನದ ಕೆಳಗೂ ಅಲ್ಲ. ಕೊನೇ ಗುಡುಗಾಗಿ 30 ನಿಮಿಷ ಕಾದು ಆಮೇಲೆ ಶುರು ಮಾಡಿ. ಮೈಕಲ್ಲಿ ಈ ಮಾತು ಹೇಳೋದು ಯಾರು ಅಂತ ಮುಂಚೆನೇ ಗೊತ್ತಿರ್ಬೇಕು, ಮತ್ತೆ ಅವರ ಮಾತನ್ನ ಅಧ್ಯಕ್ಷರೂ ಮೀರಬಾರ್ದು. ಭಾಷಣ ಎಲ್ಲಾ ಸೇರಿ ಹತ್ತು ನಿಮಿಷ ಸಾಕು. ಇದಕ್ಕೆ ಯಾರೂ ಒಪ್ಪಲ್ಲ ಅಂತ ಗೊತ್ತು, ಆದ್ರೂ ಹೇಳ್ತಿದೀನಿ.

ಮುಗಿದ್ಮೇಲೆ

ಯಾರ ಮನೆಯಿಂದ ಯಾವ ಜಮಖಾನೆ, ಯಾವ ಪಾತ್ರೆ, ಯಾವ ಏಣಿ ತಂದಿದ್ದು ಅಂತ ಮೊದಲೇ ಬರೆದಿಟ್ಟಿದ್ರೆ ವಾಪಸ್ ಕೊಡೋದು ಒಂದು ದಿನದ ಕೆಲಸ, ಇಲ್ದಿದ್ರೆ ವರ್ಷವಿಡೀ ಜಗಳ. ಹತ್ತು ದಿನದೊಳಗೆ ಎಲ್ಲರೂ ಕೂತು ಲೆಕ್ಕ ಓದಿ, ಉಳಿದಿದ್ದೆಷ್ಟು, ಬಾಕಿ ಯಾರಿಗೆ ಅಂತ ಒಂದು ಹಾಳೇಲಿ ಬರೆದು ಊರೆಲ್ಲ ಕಾಣೋ ಕಡೆ ಅಂಟಿಸಿ. ಮುಂದಿನ ಸಲ ಮಾಡ್ಬೇಕಾ ಬೇಡ್ವಾ ಅನ್ನೋ ಮಾತು ಆ ಮೀಟಿಂಗಲ್ಲಿ ಎತ್ತಬೇಡಿ, ಎಲ್ರೂ ಸುಸ್ತಾಗಿರ್ತಾರೆ, ಅರ್ಧ ಜನ ಸಿಟ್ಟಲ್ಲಿ ಬೇಡ ಅಂತಾರೆ ಉಳಿದರ್ಧ ಖುಷೀಲಿ ಮೂರು ದಿನ ಮಾಡೋಣ ಅಂತಾರೆ. ಒಂದು ತಿಂಗಳು ಬಿಟ್ಟು ಕೇಳಿ.